ಕಂಪ್ಯೂಟರಿನ ತ್ರೀಡಿಯಲ್ಲಿ ಚೆನ್ನಾಗಿ ಕೂತ ಕುಪ್ಯ ಕೋಟು ಮೈಮೇಲೆ ಹಿಡಿಯುತ್ತಿದೆ. ಅಳತೆಯನ್ನು ಮೊದಲೇ ಹೇಗೆ ಯೋಚಿಸಿಕೊಳ್ಳುತ್ತೀರಿ?

ಸುಂಟಿಕೊಪ್ಪದ ಸೂಜಿ:

ಎಲ್ಲರಿಗೂ ನಮಸ್ಕಾರ.

ಕೊಡಗಿನ ಸುಂಟಿಕೊಪ್ಪದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಹೊಲಿಗೆ ಅಂಗಡಿ. ಅಮ್ಮ 30 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದಾರೆ. ನಾನು ಅವರ ಪಕ್ಕದಲ್ಲಿ ಕೂತು ಕಲಿತವಳು. ಕಳೆದ ವರ್ಷ ಲ್ಯಾಪ್‌ಟಾಪ್ ತೆಗೆದುಕೊಂಡು ಬಟ್ಟೆಯನ್ನು ಪರದೆಯ ಮೇಲೆ ಹೊಲಿದು ನೋಡುವ ಕ್ಲೋ ತ್ರೀಡಿ ಸಾಫ್ಟ್‌ವೇರ್ ಕಲಿಯಲು ಶುರು ಮಾಡಿದೆ. ಕಾರಣ ಇಷ್ಟೇ. ನಮ್ಮ ಗಿರಾಕಿಗಳಲ್ಲಿ ಎಷ್ಟೋ ಜನ ಈಗ ಬೆಂಗಳೂರು, ದುಬೈ ಅಂತ ಹೊರಗಿದ್ದಾರೆ. ಮದುವೆಗೋ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೋ ಎರಡು ದಿನ ರಜೆ ಹಾಕಿ ಬರುತ್ತಾರೆ. ಅಳತೆ ವಾಟ್ಸಾಪ್‌ನಲ್ಲಿ ಬರುತ್ತದೆ. ಊರಿಗೆ ಬಂದ ದಿನವೇ ಬಟ್ಟೆ ಹಾಕಿಕೊಳ್ಳಬೇಕು. ಟ್ರಯಲ್ ನೋಡಲು ಟೈಮೇ ಇರುವುದಿಲ್ಲ. ಕಂಪ್ಯೂಟರ್‌ನಲ್ಲಿ ಮೊದಲೇ ಫಿಟ್ಟಿಂಗ್ ನೋಡಿಕೊಂಡರೆ ಅವರಿಗೂ ನೆಮ್ಮದಿ, ನನಗೂ ನೆಮ್ಮದಿ ಅಂದುಕೊಂಡೆ.

ಮೊದಲ ದೊಡ್ಡ ಕೆಲಸವಾಗಿ ಚಿಕ್ಕಪ್ಪನ ಮಗನಿಗೆ ಕಪ್ಪು ಕುಪ್ಯ ಹೊಲಿದೆ. ಕೊಡಗಿನ ಹೊರಗಿನವರಿಗೆ ಒಂದು ಮಾತು. ಕುಪ್ಯ ಅಂದರೆ ಮಂಡಿವರೆಗೆ ಬರುವ, ಅರ್ಧ ತೋಳಿನ, ಮುಂದೆ ಒಂದರ ಮೇಲೊಂದು ಬರುವ ಕೋಟು. ಒಳಗೆ ಬಿಳಿ ತುಂಬುತೋಳಿನ ಶರ್ಟು ಇರುತ್ತದೆ. ಸೊಂಟಕ್ಕೆ ಕೆಂಪು ರೇಷ್ಮೆಯ ಚೇಲೆ ಬಿಗಿಯುತ್ತಾರೆ. ಚೇಲೆಯಲ್ಲಿ ಮುಂದೆ ಪೀಚೆಕತ್ತಿ ಅನ್ನುವ ಸಣ್ಣ ಬಾಕು ಸಿಕ್ಕಿಸುತ್ತಾರೆ. ಮದುಮಗನಿಗೆ ಬಿಳಿ ಕುಪ್ಯ, ಉಳಿದವರಿಗೆ ಕಪ್ಪು.

ಚಿಕ್ಕಪ್ಪನ ಮಗನ ಎದೆ ಸುತ್ತಳತೆ 40 ಇಂಚು. ನಾನು 3 ಇಂಚು ಲೂಸ್ ಕೊಟ್ಟು 43ಕ್ಕೆ ಪ್ಯಾಟರ್ನ್, ಅಂದರೆ ಕತ್ತರಿಸುವ ನಕ್ಷೆ, ಮಾಡಿದೆ. ಉದ್ದ 44. ಪರದೆಯ ಮೇಲೆ ನೋಡಿದರೆ ಎಷ್ಟು ಚೆನ್ನಾಗಿತ್ತು ಗೊತ್ತಾ? ಬೆನ್ನಿನಲ್ಲಿ ಒಂದು ಸುಕ್ಕು ಇರಲಿಲ್ಲ. ಅದನ್ನೇ ಪ್ರಿಂಟ್ ಹಾಕಿಸಿ, ಅಂಟಿಸಿ, ಕತ್ತರಿಸಿ ಹೊಲಿದೆ.

ಹಾಕಿಕೊಂಡಾಗ ಎದೆ ಹಿಡಿಯಿತು. ಭುಜದ ಹೊಲಿಗೆ ಒಳಗೆ ಬಂತು. ಚೇಲೆ ಕಟ್ಟಿದ ಮೇಲೆ ಅಂಚು ಮಂಡಿಗಿಂತ 2 ಇಂಚು ಮೇಲೆ ನಿಂತಿತು. ಎಲ್ಲಕ್ಕಿಂತ ದೊಡ್ಡ ತೊಂದರೆ, ಕೈ ಮೇಲೆ ಏಳುವುದಿಲ್ಲ. ಮದುವೆಯಲ್ಲಿ ಬಾಳೆ ಕಡಿಯುವ ಶಾಸ್ತ್ರ ಈ ಸಲ ಅವನ ಪಾಲಿಗೆ ಬಂದಿದೆ. ಒಡಿಕತ್ತಿ ಅನ್ನುವ ಅಗಲ ಬಾಯಿಯ ಕತ್ತಿ ಹಿಡಿದು ಕೈ ಎತ್ತಿದರೆ ಕಿವಿಯ ಹತ್ತಿರಕ್ಕೇ ನಿಂತುಬಿಡುತ್ತದೆ. ಜೋರಾಗಿ ಎತ್ತಿದರೆ ಚೇಲೆಯ ಒಳಗಿಂದ ಕುಪ್ಯವೇ ಮೇಲೆ ಬರುತ್ತದೆ.

ಅಮ್ಮ ಕಂಕುಳ ಇನ್ನೂ 1 ಇಂಚು ಇಳಿಸು ಅನ್ನುತ್ತಾರೆ. ಇಳಿಸಲಾ? ಮದುವೆಗೆ ಇನ್ನೂ ಮೂರು ವಾರ ಇದೆ. ಹೊಸ ಬಟ್ಟೆ ತಂದು ಇನ್ನೊಂದು ಹೊಲಿಯಲು ನಾನು ತಯಾರಿದ್ದೇನೆ. ಆದರೆ ಇದೇ ತಪ್ಪು ಮತ್ತೆ ಆಗಬಾರದು. ಸಾಫ್ಟ್‌ವೇರ್ ತೆರೆಯುವ ಮೊದಲೇ ನೀವೆಲ್ಲ ಏನೇನು ನಿರ್ಧರಿಸಿಕೊಳ್ಳುತ್ತೀರಿ? ದಯವಿಟ್ಟು ಬಿಡಿಸಿ ಹೇಳಿ.

ತ್ರೀಡಿ ಹುಡುಗ, ಮೈಸೂರು:

ಅಕ್ಕಾ, ಮೊದಲು ನಾಲ್ಕು ವಿಷಯ ತಿಳಿಯಬೇಕು. ಅವತಾರಕ್ಕೆ, ಅಂದರೆ ಪರದೆಯ ಮೇಲಿನ ಗೊಂಬೆಗೆ, ಒಳಗೆ ಶರ್ಟು ಹಾಕಿದ್ದಿರಾ? ಅವತಾರದ ಅಳತೆಯನ್ನು ನಿಮ್ಮ ತಮ್ಮನ ಅಳತೆಗೆ ಬದಲಾಯಿಸಿದ್ದಿರಾ, ಅಥವಾ ಅದರಲ್ಲಿ ಬಂದದ್ದನ್ನೇ ಇಟ್ಟುಕೊಂಡಿರಾ? ಅಳತೆ ಬರೆದವರು ಯಾರು, ಕಂಪ್ಯೂಟರ್‌ಗೆ ಹಾಕಿದವರು ಯಾರು? ನಾಲ್ಕನೆಯದು ಮುಖ್ಯ. ಪ್ರಿಂಟ್ ತೆಗೆಸಿದಾಗ ಅಳತೆ ಗೊತ್ತಿರುವ ಒಂದು ಟೆಸ್ಟ್ ಚೌಕ ಹಾಕಿದ್ದಿರಾ? ಹಾಕಿದ್ದರೆ ಅದನ್ನು ಈಗ ಸ್ಕೇಲಿಟ್ಟು ಅಳೆಯಿರಿ. ಹೊಲಿದ ಕುಪ್ಯವನ್ನೂ ಚಾಪೆಯ ಮೇಲೆ ಹರಡಿ, ಒಂದು ಕಂಕುಳಿಂದ ಇನ್ನೊಂದಕ್ಕೆ ಅಳೆದು ಎರಡರಿಂದ ಗುಣಿಸಿ. ಪರದೆಯಲ್ಲಿ ಎಷ್ಟಿತ್ತು ಅನ್ನುವುದಕ್ಕಿಂತ ಕೈಯಲ್ಲಿರುವ ಬಟ್ಟೆ ಎಷ್ಟಿದೆ ಅನ್ನುವುದನ್ನು ಮೊದಲು ನೋಡೋಣ.

ಸುಂಟಿಕೊಪ್ಪದ ಸೂಜಿ:

ಈಗಷ್ಟೇ ಎಲ್ಲ ಅಳೆದು ಬಂದೆ. ಕೈ ನಡುಗುತ್ತಿದೆ.

ಶರ್ಟು ಹಾಕಿರಲಿಲ್ಲ. ಬರಿ ಅವತಾರದ ಮೇಲೆ ಕುಪ್ಯ ಮಾತ್ರ. ಅವತಾರದ ಎತ್ತರ, ಎದೆ, ಸೊಂಟ ಬದಲಾಯಿಸಿದ್ದೆ. ಭುಜ, ಬೆನ್ನಿನ ಅಗಲ ಮುಟ್ಟಿರಲಿಲ್ಲ.

ಪ್ಯಾಟರ್ನ್ ಹಾಳೆಯ ಮೂಲೆಯಲ್ಲಿ 10 ಸೆಂ.ಮೀ. ಚೌಕ ಇತ್ತು. ಅದು 9.7 ಬಂದಿದೆ! ಝೆರಾಕ್ಸ್ ಅಂಗಡಿಯಲ್ಲಿ ಹಾಳೆಗೆ ಹೊಂದಿಸುವ ಆಯ್ಕೆಯಲ್ಲಿ ಪ್ರಿಂಟ್ ಕೊಟ್ಟಿದ್ದಾರೆ. ಎಲ್ಲ ಎ4 ಹಾಳೆಗಳೂ ಒಂದೇ ಸಮನೆ ಸಣ್ಣದಾಗಿದ್ದರಿಂದ ಅಂಟಿಸುವಾಗ ಗೆರೆಗೆ ಗೆರೆ ಸರಿಯಾಗಿ ಕೂತಿತ್ತು. ಅನುಮಾನವೇ ಬರಲಿಲ್ಲ. ಹೊಲಿದ ಕುಪ್ಯದ ಎದೆ 41 ಮುಕ್ಕಾಲು ಇದೆ. ನಾನು ಮಾಡಿದ್ದು 43. ಉದ್ದ ಕೂಡ 42 ಮುಕ್ಕಾಲಿಗೆ ಸ್ವಲ್ಪ ಕಡಿಮೆ ಇದೆ.

ಇನ್ನೊಂದು ತಪ್ಪೂ ಸಿಕ್ಕಿತು. ಅಮ್ಮ ಅಳತೆ ಪುಸ್ತಕದಲ್ಲಿ ಭುಜ 17.3 ಅಂತ ಬರೆದಿದ್ದಾರೆ. ಅಮ್ಮನ ಲೆಕ್ಕದಲ್ಲಿ ಚುಕ್ಕೆಯ ಆಮೇಲಿನ 3 ಅಂದರೆ ಇಂಚಿನ ಮೂರು ಕಾಲು ಭಾಗ. ಅಂದರೆ 17 ಮುಕ್ಕಾಲು. ನಾನು 17.3 ಅಂತಲೇ ಟೈಪ್ ಮಾಡಿದ್ದೆ. ಅಲ್ಲಿ ಹತ್ತಿರ ಹತ್ತಿರ ಅರ್ಧ ಇಂಚು ಹೋಯಿತು. ಪ್ರಿಂಟ್‌ನಲ್ಲಿ ಇನ್ನರ್ಧ ಇಂಚು. ಅಮ್ಮನ ಪುಸ್ತಕವನ್ನು ಚಿಕ್ಕಂದಿನಿಂದ ನೋಡುತ್ತಿದ್ದೇನೆ. ಬ್ಲೌಸ್ ಕತ್ತರಿಸುವಾಗ ಅದನ್ನು ಓದಲು ಒಂದು ದಿನವೂ ತಪ್ಪಿರಲಿಲ್ಲ.

ಆದರೂ ಒಂದು ವಿಷಯ ಅರ್ಥವಾಗುತ್ತಿಲ್ಲ. ಇದೆಲ್ಲ ಸರಿಮಾಡಿ 43 ಬಂದಿದ್ದರೆ ಕೈ ಮೇಲೆ ಏಳುತ್ತಿತ್ತಾ?

ಹಳೇ ಕಟಿಂಗ್ ಮಾಸ್ಟರ್, ವಿರಾಜಪೇಟೆ:

ಏಳುತ್ತಿರಲಿಲ್ಲ ತಂಗಿ. ಪ್ರಿಂಟ್ ತಪ್ಪು, ಚುಕ್ಕೆ ತಪ್ಪು ಎರಡೂ ಒಮ್ಮೆ ತಿಳಿದರೆ ಮುಗಿಯಿತು. ಇನ್ನು ನಿನ್ನಿಂದ ಅವು ಆಗುವುದಿಲ್ಲ. ನಾನು ಹೇಳಬೇಕು ಅಂತಿರುವುದು ಅದಕ್ಕಿಂತ ಹಿಂದಿನ ಮಾತು. 43 ಅನ್ನುವ ಸಂಖ್ಯೆ ಎಲ್ಲಿಂದ ಬಂತು?

ನಾನು ಬೆಂಗಳೂರಿನ ಗಾರ್ಮೆಂಟ್ಸ್‌ಗಳಲ್ಲಿ 22 ವರ್ಷ ಕೆಲಸ ಮಾಡಿದೆ. ಅದರಲ್ಲಿ 14 ವರ್ಷ ಕಟಿಂಗ್ ಮಾಸ್ಟರ್. ಅಲ್ಲಿ ಕತ್ತರಿ ಮುಟ್ಟುವ ಮೊದಲು ಒಂದು ಸ್ಪೆಕ್ ಶೀಟ್ ಬರುತ್ತದೆ. ಹೊಲಿದು ಮುಗಿದ ಬಟ್ಟೆಯನ್ನು ಮೇಜಿನ ಮೇಲೆ ಹರಡಿದಾಗ ಎಲ್ಲೆಲ್ಲಿ ಎಷ್ಟೆಷ್ಟು ಇರಬೇಕು ಅಂತ ಅದರಲ್ಲಿ ಬರೆದಿರುತ್ತದೆ. ಎದೆ ಅಂದರೆ ಕಂಕುಳಿಂದ 1 ಇಂಚು ಕೆಳಗೆ, ಉದ್ದ ಅಂದರೆ ಕತ್ತಿನ ಪಕ್ಕದ ಭುಜದ ತುದಿಯಿಂದ, ಹೀಗೆ ಎಲ್ಲಿಂದ ಎಲ್ಲಿಗೆ ಅಂತಲೂ ಬರೆದಿರುತ್ತದೆ. ಪಕ್ಕದಲ್ಲಿ ಎಷ್ಟು ಹೆಚ್ಚು ಕಡಿಮೆಯಾದರೆ ನಡೆಯುತ್ತದೆ ಅನ್ನುವುದೂ ಇರುತ್ತದೆ. ಆ ಹಾಳೆಯಲ್ಲಿ ಮನುಷ್ಯನ ಮೈ ಅಳತೆ ಇರುವುದೇ ಇಲ್ಲ. ಮೈ ಅಳತೆಯಿಂದ ಬಟ್ಟೆಯ ಅಳತೆಗೆ ಹೋಗುವ ಲೆಕ್ಕವನ್ನು ಯಾರೋ ಮೊದಲೇ ಕೂತು ಯೋಚಿಸಿ ಮುಗಿಸಿರುತ್ತಾರೆ. ನಿನ್ನ ಕುಪ್ಯದಲ್ಲಿ ಅದನ್ನು ಯೋಚಿಸಬೇಕಾದವಳು ನೀನು.

ನೀನು 3 ಇಂಚು ಲೂಸ್ ಕೊಟ್ಟೆ. ಬ್ಲೌಸ್ ಹೊಲಿಯುವ ಕೈ ನಿನ್ನದು. ಬ್ಲೌಸ್‌ಗೆ ಒಂದೂವರೆ ಇಂಚು ಕೊಟ್ಟು ಅಭ್ಯಾಸ. ಕೋಟು ಅಂತ ಅದಕ್ಕೆ ಎರಡರಷ್ಟು ಕೊಟ್ಟಿದ್ದೀಯ. ಆದರೆ ಇವನು ಕುಪ್ಯವನ್ನು ಬರಿ ಮೈಮೇಲೆ ಹಾಕುವುದಿಲ್ಲ ಅಲ್ವಾ? ಒಳಗೆ ಶರ್ಟಿದೆ. ಶರ್ಟಿಗೇ 4 ಇಂಚು ಲೂಸ್ ಇರುತ್ತದೆ. ಆ ಬಟ್ಟೆಯೆಲ್ಲ ಕುಪ್ಯದ ಒಳಗೆ ಮಡಿಚಿಕೊಂಡು ಕೂರಬೇಕು. ಶರ್ಟಿನ ತೋಳು ಕುಪ್ಯದ ತೋಳಿನೊಳಗೆ ತೂರಬೇಕು. ಆದ್ದರಿಂದ ಅವನು ಅವತ್ತು ಹಾಕುವ ಅದೇ ಶರ್ಟು ಹಾಕಿಸಿ, ಅದರ ಮೇಲೆ ಟೇಪು ಹಿಡಿ. ಬರಿ ಮೈಮೇಲೂ ಒಮ್ಮೆ ಹಿಡಿ. ಎರಡನ್ನೂ ಬರೆದಿಡು. ಶರ್ಟಿನ ಮೇಲೆ ಹಾಕುವ ಇಂಥ ಕೋಟಿಗೆ ನಾನು ಮೈ ಅಳತೆಗೆ 5ರಿಂದ 6 ಇಂಚು ಸೇರಿಸುತ್ತೇನೆ. 40ರ ಎದೆಗೆ 46 ನೋಡಿ ಹೆದರಬೇಡ. ಚೇಲೆ ಸೊಂಟದಲ್ಲಿ ಹಿಡಿದಾಗ ಆ ಅಗಲವೇ ಅಂದವಾಗಿ ನೆರಿಗೆಯಾಗಿ ಬೀಳುತ್ತದೆ.

ಈಗ ಕಂಕುಳು. ಅಮ್ಮನ ಅನುಭವ ದೊಡ್ಡದು. ಆದರೂ ಇಲ್ಲಿ ದಯವಿಟ್ಟು ಇಳಿಸಬೇಡ. ತುಂಬಾ ಜನ ಹೀಗೇ ಇಳಿಸಿ ಬಟ್ಟೆ ಕೆಡಿಸುತ್ತಾರೆ. ಕಂಕುಳು ಕೆಳಗೆ ಹೋದಷ್ಟೂ ತೋಳು ಪಕ್ಕದ ಬಟ್ಟೆಗೆ ಕೆಳಗೇ ಅಂಟಿಕೊಳ್ಳುತ್ತದೆ. ಆಗ ಕೈ ಎತ್ತಿದರೆ ತೋಳಿನ ಜೊತೆ ಇಡೀ ಬದಿಯೇ ಮೇಲೆ ಬರಬೇಕು. ಜುಬ್ಬಾದಲ್ಲಿ ಅದು ಬರುತ್ತದೆ, ತಡೆಯುವವರಿಲ್ಲ. ಕುಪ್ಯದಲ್ಲಿ ಚೇಲೆ ಕಟ್ಟಿದೆ. ಬದಿ ಮೇಲೆ ಬರಲಾರದು, ಅದಕ್ಕೇ ಕೈ ಅಲ್ಲೇ ನಿಲ್ಲುತ್ತದೆ. ಜಗ್ಗಿದರೆ ಚೇಲೆಯಿಂದ ಕಿತ್ತು ಬರುತ್ತದೆ. ನಿನ್ನ ತಮ್ಮನಿಗೆ ಆದದ್ದು ಅದೇ.

ಕಂಕುಳನ್ನು ಮೈಗೆ ಹತ್ತಿರ, ಮೇಲೆ ಇಡು. ಶರ್ಟಿನ ದಪ್ಪಕ್ಕೆ ಮುಕ್ಕಾಲು ಇಂಚು ಜಾಗ ಸಾಕು. ತೋಳಿನ ತಲೆಯ, ಅಂದರೆ ಭುಜಕ್ಕೆ ಸೇರುವ ದುಂಡನೆಯ ಮೇಲ್ಭಾಗದ, ಎತ್ತರ ಕಡಿಮೆ ಮಾಡಿ ತೋಳನ್ನು ಅಗಲ ಮಾಡು. ಕೈ ಕೆಳಗಿದ್ದಾಗ ಕಂಕುಳ ಹತ್ತಿರ ಸ್ವಲ್ಪ ಸುಕ್ಕು ಕಾಣುತ್ತದೆ, ಕಾಣಲಿ. ಆ ಸುಕ್ಕೇ ಕೈ ಎತ್ತಿದಾಗ ಬಿಚ್ಚಿಕೊಳ್ಳುವ ಬಟ್ಟೆ. ಪರದೆಯಲ್ಲಿ ಒಂದು ಸುಕ್ಕೂ ಇರಲಿಲ್ಲ ಅಂತ ನೀನು ಸಂತೋಷಪಟ್ಟೆ ನೋಡು, ನನಗೆ ಓದುವಾಗಲೇ ಅಲ್ಲಿ ತೊಂದರೆ ಕಾಣಿಸಿತು. ಇನ್ನೂ ಬೇಕಾದರೆ ಕಂಕುಳಲ್ಲಿ 3 ಇಂಚಿನ ಚೌಕದ ತುಂಡು ಓರೆಯಾಗಿ ಕೂರಿಸು. ಹಳೆಯ ಜುಬ್ಬಾಗಳಲ್ಲಿ ಇರುತ್ತಿತ್ತಲ್ಲ, ಅದೇ.

ಇಲ್ಲಿಂದ ನಿನ್ನ ದೊಡ್ಡ ಪ್ರಶ್ನೆಗೆ ಬರುತ್ತೇನೆ. ಸಾಫ್ಟ್‌ವೇರ್ ತೆರೆಯುವ ಮೊದಲು ನಾನು ಗಿರಾಕಿಯನ್ನು ಕೇಳುವುದು, ಇದನ್ನು ಹಾಕಿಕೊಂಡು ಏನು ಮಾಡುತ್ತೀರಿ ಅಂತ. ಸುಮ್ನೆ ಕೂತು ಊಟ ಮಾಡಿ ಬರುವವನ ಕುಪ್ಯ ಬೇರೆ. ಬಾಳೆ ಕಡಿಯುವವನದು ಬೇರೆ. ಕೈಲ್ ಪೊಳ್ದ್‌ನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವವನದು ಇನ್ನೂ ಬೇರೆ. ಬೊಳಕಾಟ್ ಕುಣಿತ ಆಡುವವನು ಚೌರಿ, ಅಂದರೆ ಕೂದಲ ಕುಚ್ಚು, ಹಿಡಿದು ಬಾಗುತ್ತಾನೆ, ಏಳುತ್ತಾನೆ. ಕೈ ಕೆಳಗೆ ಬಿಟ್ಟು ನಿಂತಾಗ ಮಾತ್ರ ಅಳತೆ ತೆಗೆದರೆ ಈ ಯಾವುದೂ ಟೇಪಿಗೆ ಸಿಗುವುದಿಲ್ಲ. ನನ್ನ ಅಳಿಯನಿಗೆ ಬೆನ್ನಿನ ಅಗಲ ಹಿಡಿದಾಗ 15 ಮುಕ್ಕಾಲು ಇತ್ತು. ಕೋವಿ ಹಿಡಿದ ಹಾಗೆ ಎರಡೂ ಕೈ ಮುಂದೆ ಮಾಡಿಸಿದೆ. ಟೇಪು 18ರ ಹತ್ತಿರ ಹೋಯಿತು. ಆ ಎರಡು ಇಂಚು ಬಟ್ಟೆಯಲ್ಲಿ ಎಲ್ಲಿಂದ ಬರಬೇಕು ಅನ್ನುವುದನ್ನು ಗೆರೆ ಎಳೆಯುವ ಮೊದಲೇ ತೀರ್ಮಾನ ಮಾಡಬೇಕು. ಹಿಂದೆ ಮಡಿಕೆ ಕೊಡುತ್ತೀಯೋ, ತೋಳಿನಲ್ಲಿ ಕೊಡುತ್ತೀಯೋ, ಬೆನ್ನನ್ನೇ ಅಗಲ ಬಿಡುತ್ತೀಯೋ. ಮೂರಕ್ಕೂ ಪ್ಯಾಟರ್ನ್ ಬೇರೆ. ಹೊಲಿದ ಮೇಲೆ ಇದನ್ನು ಸೇರಿಸಲು ಬಟ್ಟೆಯೇ ಇರುವುದಿಲ್ಲ. ಕಂಪ್ಯೂಟರ್‌ನಲ್ಲಿ ಎಲ್ಲ ತುಂಡೂ ಒಂದಕ್ಕೊಂದು ಜೋಡಿಸಿದ ಮೇಲೆ ಬೆನ್ನು ಬದಲಾಯಿಸಿದರೆ ತೋಳು, ಭುಜ, ಕಾಲರ್ ಎಲ್ಲವನ್ನೂ ಮತ್ತೆ ಹೊಂದಿಸುತ್ತಾ ಕೂರಬೇಕು.

ಚೇಲೆಯ ಮಾತೂ ಇದೆ. ಸೊಂಟಕ್ಕೆ ಬಿಗಿದಾಗ ಮೇಲೆ ಒಂದಿಷ್ಟು ಬಟ್ಟೆ ಉಬ್ಬಿ ನಿಲ್ಲುತ್ತದೆ. ಅಷ್ಟು ಉದ್ದ ಕೆಳಗಿನಿಂದ ಕಡಿಮೆಯಾಗುತ್ತದೆ. ನಾನು ಕಟ್ಟಿ ನೋಡಿದಾಗ ಮುಕ್ಕಾಲು ಇಂಚು ಬಂತು. ಕೈ ಎತ್ತುವವನಿಗೆ ಒಂದೂವರೆ ಇಂಚು ಉಬ್ಬು ಬಿಟ್ಟು ಕಟ್ಟಿದರೆ ಒಳ್ಳೆಯದು. ಆದ್ದರಿಂದ ಉದ್ದ ಅಳೆಯುವಾಗ ಸೊಂಟಕ್ಕೆ ಚೇಲೆಯನ್ನೋ ಟವೆಲನ್ನೋ ಕಟ್ಟಿಸಿ ಅಳೆ.

ಒಂದು ನೋಟ್‌ಬುಕ್ಕಿನ ಹಾಳೆ ತಗೋ. ಮೂರು ಗೆರೆ ಹಾಕು. ಒಂದರಲ್ಲಿ ಮೈ ಅಳತೆ. ಮುಂದೆ ಲೂಸ್ ಎಷ್ಟು, ಯಾಕೆ ಅಂತ ಒಂದು ಪದ: ಶರ್ಟಿಗೆ, ಕೈ ಎತ್ತಲು, ನೋಟಕ್ಕೆ. ಅದರ ಮುಂದೆ ಹೊಲಿದು ಮುಗಿದ ಬಟ್ಟೆಯ ಅಳತೆ. ಹೊಲಿಗೆ ಮಾರ್ಜಿನ್ ಇದರಲ್ಲಿ ಸೇರಿಸಬೇಡ, ಅದು ಕೊನೆಗೆ. ಆ ಹಾಳೆ ತುಂಬುವವರೆಗೆ ಲ್ಯಾಪ್‌ಟಾಪ್ ತೆರೆಯಬೇಡ. ತುಂಬಿದ ಮೇಲೆ ನಿನ್ನ ತ್ರೀಡಿ ಕೆಲಸ ಸಲೀಸು. ಅದು ನಿನಗೆ ಉತ್ತರ ಕೊಡುವ ಯಂತ್ರ ಅಲ್ಲ. ನೀನು ಬರೆದ ಉತ್ತರ ಸರಿಯೋ ಅಂತ ನೋಡುವ ಕನ್ನಡಿ.

ನಾನು ಸೀಮ್ಲಿ ಟೂಡಿ ಅನ್ನುವ ಉಚಿತ ಸಾಫ್ಟ್‌ವೇರ್ ಬಳಸುತ್ತೇನೆ. ಅದರಲ್ಲಿ ಅಳತೆಗೆ ಬೇರೆ ಫೈಲು, ಪ್ಯಾಟರ್ನಿಗೆ ಬೇರೆ ಫೈಲು. ಎದೆಯ ಕಾಲು ಭಾಗಕ್ಕೆ ಒಂದೂವರೆ ಸೇರಿಸು ಅಂತ ಸೂತ್ರ ಬರೆದಿಟ್ಟರೆ ಸಾಕು. ಇನ್ನೊಬ್ಬನ ಅಳತೆ ಫೈಲು ಹಾಕಿದ ಕೂಡಲೇ ಗೆರೆಗಳು ತಾವೇ ಬದಲಾಗುತ್ತವೆ. ದೂರದ ಗಿರಾಕಿಗಳು ಜಾಸ್ತಿ ಇರುವ ನಿನಗೆ ಇದು ಅನುಕೂಲ. ಆದರೆ ಸೂತ್ರ ಬರೆಯಬೇಕಾದರೆ ಲೂಸ್ ಎಷ್ಟು ಅಂತ ಮೊದಲೇ ಗೊತ್ತಿರಬೇಕು.

ಕಾಫಿ ಹೂ:

ಮಾಸ್ಟರ್ ಹೇಳಿದ್ದು ನಮ್ಮ ಸೀರೆ ಬ್ಲೌಸಿಗೂ ನಿಜ. ನಾನು ಪೊನ್ನಂಪೇಟೆ ಕಡೆ ಹೊಲಿಯುತ್ತೇನೆ. ಕೊಡಗಿನ ಸೀರೆಯಲ್ಲಿ ನೆರಿಗೆ ಹಿಂದೆ. ಸೆರಗು ಎಡ ಕಂಕುಳ ಕೆಳಗಿಂದ ಎದೆ ಮೇಲೆ ಹಾದು ಬಲ ಭುಜಕ್ಕೆ ಬರುತ್ತದೆ. ಪಿನ್ ಇರುವುದು ಬಲ ಭುಜದಲ್ಲಿ. ರೇಷ್ಮೆ ಸೀರೆಯ ಭಾರ ಅಲ್ಲೇ ಜಗ್ಗುತ್ತದೆ. ಹೊರಗೆ ಕಲಿತು ಬಂದ ಹುಡುಗಿಯರು ಎಡ ಭುಜದ ಸೆರಗಿನ ಲೆಕ್ಕದಲ್ಲೇ ಅಗಲ ಕತ್ತು ಇಡುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಬ್ಲೌಸು ಬಲಕ್ಕೆ ಜಾರಿ ಎಡ ಭುಜದ ಪಟ್ಟಿ ಕತ್ತಿಗೆ ಬರುತ್ತದೆ. ನಾನು ಕತ್ತಿನ ಅಗಲವನ್ನು ಕಡಿಮೆ ಮಾಡುತ್ತೇನೆ. ಬಲ ಭುಜದ ಒಳಗೆ ಒಂದು ಗಟ್ಟಿ ಪಟ್ಟಿ ಕೊಡುತ್ತೇನೆ. ಅಜ್ಜಿಯಂದಿರ ತುಂಬುತೋಳಿನ ಬ್ಲೌಸಾದರೆ ಮೊಣಕೈ ಮಡಿಸಿ ಅಳತೆ ತೆಗೆಯಿರಿ, ನೆಟ್ಟಗೆ ಇಟ್ಟು ತೆಗೆದರೆ ತೋಳು ಮೇಲೆ ಏರುತ್ತದೆ.

ಇನ್ನೊಂದು ಮಾತು ತಂಗಿ. ವಯಸ್ಸಾದವರಿಗೆ ಬೆನ್ನು ಸ್ವಲ್ಪ ಬಾಗಿರುತ್ತದೆ. ಹಿಂದಿನ ಉದ್ದ ಜಾಸ್ತಿ, ಮುಂದಿನದು ಕಡಿಮೆ. ತಲೆ ಬಗ್ಗಿಸಿದಾಗ ಕತ್ತಿನ ಹಿಂದೆ ಎದ್ದು ಕಾಣುವ ಮೂಳೆಯಿಂದ ಸೊಂಟಕ್ಕೆ ಒಂದು ಅಳತೆ, ಮುಂದೆ ಕತ್ತಿನ ಗುಳಿಯಿಂದ ಸೊಂಟಕ್ಕೆ ಇನ್ನೊಂದು. ಈ ಎರಡನ್ನು ಕೇಳದೆ ದೂರದಿಂದ ಯಾರಿಗೂ ಹೊಲಿಯಬೇಡಿ.

ತ್ರೀಡಿ ಹುಡುಗ, ಮೈಸೂರು:

ಮಾಸ್ಟ್ರೇ, ಇದನ್ನು ಉಳಿಸಿಟ್ಟುಕೊಳ್ಳುತ್ತೇನೆ. ಪರದೆಯ ಕಡೆಯಿಂದ ನನ್ನದು ಸ್ವಲ್ಪ ಸೇರಿಸುತ್ತೇನೆ.

ಅಕ್ಕಾ, ಶರ್ಟನ್ನೂ ಪ್ಯಾಟರ್ನ್ ಮಾಡಿ ಒಳಗೆ ಹಾಕಿ. ಯಾವುದರ ಮೇಲೆ ಯಾವುದು ಅಂತ ಲೇಯರ್ ಸಂಖ್ಯೆ ಕೊಡಿ. ಶರ್ಟಿಗೆ 0, ಕುಪ್ಯಕ್ಕೆ 1, ಚೇಲೆಗೆ 2. ಮೊದಲು ಶರ್ಟು ಕೂರಲಿ, ಆಮೇಲೆ ಕುಪ್ಯ. ಕೊನೆಗೆ ಪಾರ್ಟಿಕಲ್ ಡಿಸ್ಟೆನ್ಸ್, ಅಂದರೆ ಪರದೆಯ ಬಟ್ಟೆಯ ಚುಕ್ಕೆಗಳ ನಡುವಿನ ದೂರ, 20ರಿಂದ 5ಕ್ಕೆ ಇಳಿಸಿ ನೋಡಿ, ಕಂಕುಳ ಸುಕ್ಕು ಆಗ ಮಾತ್ರ ನಿಜವಾಗಿ ಕಾಣುತ್ತದೆ. ಅವತಾರದ ಭುಜದ ಕೀಲು ಹಿಡಿದು ಕೈ ಮೇಲೆತ್ತಿಸಿ. ಆ ಭಂಗಿಯಲ್ಲಿ ಸ್ಟ್ರೇನ್ ಮ್ಯಾಪ್ ಹಾಕಿ. ಎಲ್ಲಿ ಕೆಂಪಾಗುತ್ತದೋ ಅಲ್ಲಿ ಬಟ್ಟೆ ಎಳೆಯುತ್ತಿದೆ ಅಂತ ಅರ್ಥ. ಬಟ್ಟೆಯ ಗುಣ ತಪ್ಪು ಕೊಟ್ಟರೆ ಈ ಬಣ್ಣವೂ ತಪ್ಪು. ಲೈಬ್ರರಿಯಲ್ಲಿ ಎಳೆದರೆ ಹಿಗ್ಗುವ ಬಟ್ಟೆ ಆರಿಸಿ, ಕೈಯಲ್ಲಿ ಹಿಗ್ಗದ ಸೂಟಿಂಗ್ ಬಟ್ಟೆ ಕತ್ತರಿಸಿದರೆ ಮೋಸ ಹೋಗುತ್ತೇವೆ.

ಇನ್ನೊಂದು ಸಣ್ಣ ವಿಷಯ. ಅವತಾರಕ್ಕೆ ಸ್ಕಿನ್ ಆಫ್‌ಸೆಟ್ ಅಂತ ಇರುತ್ತದೆ. ನನ್ನಲ್ಲಿ ಅದು 3 ಮಿ.ಮೀ. ಬಟ್ಟೆ ಚರ್ಮದಿಂದ ಅಷ್ಟು ದೂರ ನಿಲ್ಲುತ್ತದೆ. ಕೇಳಲು ಸಣ್ಣದು. ಸುತ್ತಲೂ 3 ಮಿ.ಮೀ. ಅಂದರೆ ಸುತ್ತಳತೆಯಲ್ಲಿ ಸುಮಾರು 19 ಮಿ.ಮೀ. ಅಂದರೆ ಮುಕ್ಕಾಲು ಇಂಚು. ಬ್ಲೌಸಿನಂಥ ಬಿಗಿ ಬಟ್ಟೆಗೆ ಇದನ್ನು ಲೆಕ್ಕಕ್ಕೆ ತಗೊಳ್ಳಲೇಬೇಕು.

ಅಳತೆಗೆ ಈಗ ಫೋನಿನಲ್ಲೇ ಸ್ಕ್ಯಾನ್ ಮಾಡುವ ಆ್ಯಪ್‌ಗಳೂ ಇವೆ. ದುಬೈ ಗಿರಾಕಿಗೆ ಅದು ಸುಲಭ ಅಲ್ವಾ? ಟೇಪು ಹಿಡಿಯಲು ಬಾರದವರ ಅಳತೆಗಿಂತ ಮೇಲು ಅನ್ನಿಸುತ್ತದೆ. ನಿಫ್ಟ್ ಅನ್ನುವ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯವರು ಇಂಡಿಯಾಸೈಜ್ ಅಂತ ಮಾಡಿದ ಸರ್ವೆಯೂ ಸ್ಕ್ಯಾನರ್‌ನಲ್ಲೇ. ಬೆಂಗಳೂರು ಸೇರಿ ಆರು ನಗರಗಳಲ್ಲಿ, 15ರಿಂದ 65 ವರ್ಷದವರೆಗಿನ 25,000 ಜನರ ಅಳತೆ ತೆಗೆಯುವ ಯೋಜನೆ ಅದು. ನಮ್ಮ ಮೈಗೆ ನಮ್ಮದೇ ಸೈಜ್ ಚಾರ್ಟ್ ಬೇಕು ಅಂತ. ಇಲ್ಲಿಯವರೆಗೆ ಅಮೆರಿಕ, ಬ್ರಿಟನ್ ಚಾರ್ಟುಗಳನ್ನೇ ತಿದ್ದಿಕೊಂಡು ಬಳಸುತ್ತಿದ್ದೆವು.

ಹಳೇ ಕಟಿಂಗ್ ಮಾಸ್ಟರ್, ವಿರಾಜಪೇಟೆ:

ಸ್ಕ್ಯಾನ್ ಬೇಡ ಅನ್ನುವುದಿಲ್ಲಪ್ಪ. ನಮ್ಮದೇ ಚಾರ್ಟ್ ಬರಲಿ, ತುಂಬಾ ಸಂತೋಷ. ಆದರೆ ಚಾರ್ಟ್ ಇರುವುದು ಸಾವಿರ ಪೀಸ್ ಹೊಲಿಯುವವನಿಗೆ. ಈ ಹುಡುಗಿ ಹೊಲಿಯುತ್ತಿರುವುದು ಒಬ್ಬನಿಗೆ. ಫೋನ್ ಸ್ಕ್ಯಾನಿನ ಮುಂದೆ ದೊಗಲೆ ಟೀ ಶರ್ಟು ಹಾಕಿ ನಿಂತರೆ ಟೀ ಶರ್ಟಿನ ಅಳತೆ ಬರುತ್ತದೆ. ಕೈ ಎತ್ತಿದ ಬೆನ್ನು ಅದರಲ್ಲಿ ಸಿಗುವುದಿಲ್ಲ. ದೂರದ ಗಿರಾಕಿಗೆ ನಾನು ಬೇರೆ ದಾರಿ ಹಿಡಿಯುತ್ತೇನೆ. ಅವನಿಗೆ ಸರಿಯಾಗಿ ಕೂತಿರುವ ಹಳೆಯ ಕೋಟನ್ನೋ ಶರ್ಟನ್ನೋ ಮಂಚದ ಮೇಲೆ ಹರಡಿ, ಪಕ್ಕದಲ್ಲಿ ಟೇಪು ಇಟ್ಟು ಫೋಟೋ ಕಳಿಸಲು ಹೇಳುತ್ತೇನೆ. ಟೇಪಿನ ಅಂಕಿ ಫೋಟೋದಲ್ಲಿ ಕಾಣಬೇಕು. ಅವನು ಬಾಯಲ್ಲಿ ಹೇಳಿದ ಸಂಖ್ಯೆಗಿಂತ ಅದನ್ನು ಜಾಸ್ತಿ ನಂಬುತ್ತೇನೆ. ಇಂಚೋ ಸೆಂಟಿಮೀಟರೋ ಅನ್ನುವ ಗೊಂದಲವೂ ಇರುವುದಿಲ್ಲ.

ಸುಂಟಿಕೊಪ್ಪದ ಸೂಜಿ, 9 ದಿನದ ನಂತರ:

ಮಾಸ್ಟ್ರೇ, ಅಕ್ಕಾ, ತಮ್ಮಾ, ಮೂವರಿಗೂ ನಮಸ್ಕಾರ. ಇಷ್ಟು ದಿನ ಇಲ್ಲಿ ಬರೆಯಲು ಆಗಲಿಲ್ಲ. ಮಳೆಗೆ ಎರಡು ದಿನ ಕರೆಂಟೇ ಇರಲಿಲ್ಲ. ಅದೇ ಒಳ್ಳೆಯದಾಯಿತು. ಲ್ಯಾಪ್‌ಟಾಪ್ ಇಲ್ಲದೆ ಹಾಳೆ ಪೂರ್ತಿ ತುಂಬಿದೆ.

ಹಾಳೆ ತುಂಬಲು ಕೂತಾಗ ಅಮ್ಮನೂ ಜೊತೆ ಕೂತರು. ನಾನು ಹಾಕಿದ ಮೂರು ಗೆರೆಯ ಮುಂದೆ ಅವರು ಇನ್ನೊಂದು ಗೆರೆ ಹಾಕಿಸಿದರು, ನೀರಿಗೆ ಹಾಕಿದ ಮೇಲೆ ಎಷ್ಟು ಅಂತ. ಟ್ರಯಲ್‌ಗೆ ತಂದ ಕೋರಾ, ಅಂದರೆ ಬಿಳುಪು ಮಾಡದ ಹತ್ತಿ ಬಟ್ಟೆಯನ್ನು 1 ಮೀಟರ್ ಗುರುತು ಮಾಡಿ ನೆನೆಸಿ ಒಣಗಿಸಿದೆವು. ಒಣಗಲು ಒಲೆಯ ಮೇಲಿನ ಅಟ್ಟದಲ್ಲಿ ಎರಡು ದಿನ ಬೇಕಾಯಿತು. 96 ಸೆಂ.ಮೀ. ಬಂತು. ನೆನೆಸದೆ ಹೊಲಿದಿದ್ದರೆ ಟ್ರಯಲ್ಲೇ ಸುಳ್ಳಾಗುತ್ತಿತ್ತು.

ತಮ್ಮನಿಗೆ ಅದೇ ಬಿಳಿ ಶರ್ಟು ಹಾಕಿಸಿ, ಟವೆಲ್ ಕಟ್ಟಿಸಿ ಮತ್ತೆ ಅಳತೆ ತೆಗೆದೆ. ಬರಿ ಮೈಗೆ 40, ಶರ್ಟಿನ ಮೇಲೆ 41 ಕಾಲು. ಬೆನ್ನಿನ ಅಗಲ ನಿಂತಾಗ 16, ಕತ್ತಿ ಎತ್ತಿದ ಹಾಗೆ ಮಾಡಿದಾಗ ಬಲಗಡೆ ಟೇಪು ಸರಿದೇ ಹೋಯಿತು. ಕೈ ಎರಡೂ ಮುಂದೆ ಮಾಡಿಸಿದಾಗ 18. ಕಂಕುಳಿಂದ ಸೊಂಟಕ್ಕೆ ಕೈ ಕೆಳಗಿದ್ದಾಗ 8 ಕಾಲು, ಎತ್ತಿದಾಗ 10. ಈ ಕೊನೆಯ ಅಳತೆಯನ್ನು ಅಮ್ಮನಾಗಲಿ ನಾನಾಗಲಿ ಇದುವರೆಗೆ ಯಾರಿಗೂ ತೆಗೆದಿರಲಿಲ್ಲ. ಅದನ್ನು ನೋಡಿದ ಮೇಲೆ ಅಮ್ಮ ತಾವೇ ಕಂಕುಳ ಇಳಿಸುವುದು ಬೇಡ ಅಂದರು.

ಎದೆ 46 ಮಾಡಿದೆ. ಕಂಕುಳ ಮೇಲೆ ತಂದೆ. ತೋಳಿನ ತಲೆ ತಗ್ಗಿಸಿದೆ. ಉದ್ದ 45 ಅರ್ಧ. ಆಮೇಲೆ ಕಂಪ್ಯೂಟರ್ ತೆರೆದೆ. ಶರ್ಟು, ಕುಪ್ಯ, ಚೇಲೆ ಮೂರೂ ಹಾಕಿ ಅವತಾರದ ಬಲಗೈ ಎತ್ತಿಸಿದೆ. ಕಂಕುಳ ಹಿಂಭಾಗದಲ್ಲಿ ಕೆಂಪು ಬಂತು. ಚೌಕದ ತುಂಡು ಸೇರಿಸಿದೆ, ಹಳದಿಗೆ ಇಳಿಯಿತು. ಈ ಸಲ ಪ್ರಿಂಟ್ ಅಂಗಡಿಯಲ್ಲಿ ನಾನೇ ಸ್ಕೇಲ್ ಹಿಡಿದು ನಿಂತಿದ್ದೆ. ಮೊದಲ ಹಾಳೆಯ ಚೌಕ 10 ಸೆಂ.ಮೀ. ಸರಿಯಾಗಿ ಬಂದ ಮೇಲೆಯೇ ಉಳಿದ 34 ಹಾಳೆ ತೆಗೆಸಿದೆ.

ನಿನ್ನೆ ಕೋರಾ ಕುಪ್ಯ ಕಚ್ಚಾ ಹೊಲಿಗೆಯಲ್ಲಿ ಹಾಕಿಸಿದೆ. ಹಿತ್ತಲಿನಲ್ಲಿ ಗೊನೆ ತೆಗೆದ ಬಾಳೆ ಒಂದಿತ್ತು. ತಮ್ಮ ಕತ್ತಿ ತಗೊಂಡು ಹೋದ. ಕೈ ಪೂರ್ತಿ ಮೇಲೆ ಹೋಯಿತು. ಮೂರು ಏಟಿಗೆ ಬಾಳೆ ಬಿತ್ತು. ಕುಪ್ಯ ಚೇಲೆಯೊಳಗೇ ಇತ್ತು, ಅಂಚು ಮಂಡಿಗೆ ಸರಿಯಾಗಿ ಇತ್ತು. ಅಮ್ಮ ಜಗಲಿಯಿಂದ ನೋಡುತ್ತಿದ್ದವರು ಹತ್ತಿರ ಬಂದು ಬೆನ್ನು ತಡವಿ ನೋಡಿದರು. ಒಂದೇ ಒಂದು ಕೊರತೆ ಅಂದರೆ, ಕೈ ಕೆಳಗೆ ಬಿಟ್ಟಾಗ ಎದೆಯ ಮೇಲಿನ ಮಡಿಕೆ ಕತ್ತಿನ ಹತ್ತಿರ ಸ್ವಲ್ಪ ಬಾಯಿ ಬಿಡುತ್ತದೆ. ಅಂಚಿನಲ್ಲಿ ಕಾಲು ಇಂಚು ಒಳಗೆ ಹಿಡಿದರೆ ಕೂರುತ್ತದೆ ಅನ್ನಿಸುತ್ತದೆ. ಹಾಳೆಯಲ್ಲಿ ಅದನ್ನೂ ಬರೆದೆ. ನಾಳೆ ಕಪ್ಪು ಬಟ್ಟೆ ಕತ್ತರಿಸುತ್ತೇನೆ.

ಹಳೇ ಕಟಿಂಗ್ ಮಾಸ್ಟರ್, ವಿರಾಜಪೇಟೆ:

ಓದಿ ತುಂಬಾ ಖುಷಿಯಾಯಿತು ತಂಗಿ. ಕಾಲು ಇಂಚು ಸಾಕು, ಜಾಸ್ತಿ ಹಿಡಿಯಬೇಡ. ನಾಳೆ ಬೇಡ, ನಾಡಿದ್ದು ಕತ್ತರಿಸು. ಕಪ್ಪು ಬಟ್ಟೆಗೆ ನಾಳೆ ಹಿಂಬದಿಯಿಂದ ಇಸ್ತ್ರಿಯ ಹಬೆ ಕೊಟ್ಟು, ಮಡಿಸದೆ ಒಂದು ರಾತ್ರಿ ಮೇಜಿನ ಮೇಲೆ ಬಿಡು. ಕೋರಾ ಕುಪ್ಯವನ್ನು ಬಿಚ್ಚಿ ಹಾಳೆಯ ಜೊತೆ ಎತ್ತಿಡು. ಮುಂದಿನ ವರ್ಷ ಅವನದೇ ಮದುವೆಗೆ ಬಿಳಿ ಕುಪ್ಯ ಹೊಲಿಯುವಾಗ ಅಲ್ಲಿಂದಲೇ ಶುರು ಮಾಡಬಹುದು. ಬಿಳಿ ಬಟ್ಟೆಗೆ ಒಳಗೆ ಲೈನಿಂಗ್ ಬೇಕಾಗುತ್ತದೆ, ಆಗ ಎದೆಗೆ ಇನ್ನರ್ಧ ಇಂಚು ಸೇರಿಸಿಕೋ.